ಅರವತ್ತು ಸಾವಿರದ ಲೆಕ್ಕ

ಬೆನ್ನುನೋವು, ಸುಸ್ತು, ಕೂದಲು ಉದುರುವುದು, ಹೀಗೆ ಯಾವ ದೂರು ಹೊತ್ತು ಹೋದರೂ ಈಗ ರಕ್ತಪರೀಕ್ಷೆಯ ಚೀಟಿಯಲ್ಲಿ ವಿಟಮಿನ್ ಡಿ ಇದ್ದೇ ಇರುತ್ತದೆ. ಅಂಕಿ ಕಡಿಮೆ ಬಂದರೆ ಮೆಡಿಕಲ್ ಶಾಪಿನಿಂದ 60,000 ಐಯು (ಇಂಟರ್‌ನ್ಯಾಷನಲ್ ಯೂನಿಟ್) ಪ್ಯಾಕೆಟ್ಟುಗಳು ಮನೆಗೆ ಬರುತ್ತವೆ. ವಾರಕ್ಕೊಂದರಂತೆ ಹಾಲಿಗೆ ಬೆರೆಸಿ ಎಂಟು ವಾರ ಕುಡಿಯಬೇಕು. ಇಷ್ಟು ದೊಡ್ಡ ಪ್ರಮಾಣ ಸುರಕ್ಷಿತವೇ ಎಂಬ ಪ್ರಶ್ನೆ ಸುಮಾರು ನೂರು ವರ್ಷ ಹಳೆಯದು. ಈ ನೂರು ವರ್ಷಗಳಲ್ಲಿ ಒಂದೇ ಎಡವಟ್ಟು ಮತ್ತೆ ಮತ್ತೆ ಆಗಿದೆ: ಕೊರತೆಯನ್ನು ನೀಗಿಸಿದ ಔಷಧವನ್ನು ಕೊರತೆ ನೀಗಿದ ಮೇಲೂ, ಕೊರತೆಯೇ ಇಲ್ಲದವರಿಗೂ ಕೊಡುತ್ತ ಹೋಗುವುದು.

ಹೊಗೆ ಮುಸುಕಿದ ಯುರೋಪಿನ ಕೈಗಾರಿಕಾ ನಗರಗಳಲ್ಲಿ ಬಡ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಅದೇ ರಿಕೆಟ್ಸ್. 1919ರಲ್ಲಿ ಲಂಡನ್ನಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಬಿಸಿಲು ಕಾಣಿಸದೆ ಒಳಗೇ ಸಾಕಿ, ಓಟ್ಸ್ ಗಂಜಿಯಂಥ ಆಹಾರ ಕೊಟ್ಟು ಅವುಗಳಿಗೂ ರಿಕೆಟ್ಸ್ ಬರುವುದನ್ನು ತೋರಿಸಿದರು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕುಡಿಸಿದಾಗ ಮರಿಗಳು ಚೇತರಿಸಿಕೊಂಡವು. ಅದೇ ವರ್ಷ ಬರ್ಲಿನ್ನಿನ ಕರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ದೀಪದ ಬೆಳಕಿನಿಂದಲೇ ಮಕ್ಕಳ ರಿಕೆಟ್ಸ್ ವಾಸಿ ಮಾಡಿದರು. ಎಣ್ಣೆಯಲ್ಲಿ ಕೆಲಸ ಮಾಡುತ್ತಿರುವುದು ವಿಟಮಿನ್ ಎ ಎಂದು ಮೆಲನ್‌ಬಿ ಊಹಿಸಿದ್ದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ ಎ ವಿಟಮಿನ್ನನ್ನು ನಾಶಮಾಡಿ ನೋಡಿದರು. ಎಣ್ಣೆ ಆಗಲೂ ಮೂಳೆ ಸರಿಪಡಿಸಿತು. ಈ ಬೇರೆ ಅಂಶಕ್ಕೆ ಅವರು ಡಿ ಎಂಬ ಅಕ್ಷರ ಕೊಟ್ಟರು. 1924ರ ಹೊತ್ತಿಗೆ ಹ್ಯಾರಿ ಸ್ಟೀನ್‌ಬಾಕ್ ಆಹಾರಕ್ಕೇ ಅತಿನೇರಳೆ ಕಿರಣ ಹಾಯಿಸಿ ಅದರಲ್ಲಿ ಡಿ ಹುಟ್ಟಿಸುವ ದಾರಿ ಕಂಡುಕೊಂಡರು.

ಅಗ್ಗವಾಗಿ ತಯಾರಿಸಬಹುದೆಂದು ಗೊತ್ತಾದ ಮೇಲೆ ಪ್ರಮಾಣ ಏರತೊಡಗಿತು. 1930-40ರ ದಶಕಗಳಲ್ಲಿ ಸಂಧಿವಾತದ ರೋಗಿಗಳಿಗೆ ದಿನಕ್ಕೆ ಎರಡು, ಮೂರು ಲಕ್ಷ ಐಯು ಕೊಟ್ಟದ್ದೂ ಉಂಟು. ಹಲವರಲ್ಲಿ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡದ ಹಾನಿ ಕಾಣಿಸಿಕೊಂಡವು. 1950ರ ದಶಕದ ಬ್ರಿಟನ್ನಿನಲ್ಲಿ ಹಾಲಿನ ಪುಡಿ, ಮಕ್ಕಳ ಧಾನ್ಯದ ಹಿಟ್ಟು, ಮೀನೆಣ್ಣೆ ಮೂರರಲ್ಲೂ ಡಿ ಇತ್ತು. ಮೂರನ್ನೂ ಪಡೆದ ಕೆಲವು ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿತು, ಸರ್ಕಾರ ಬೆರಕೆಯ ಪ್ರಮಾಣ ತಗ್ಗಿಸಿತು. ಒಂದೇ ಪ್ರಮಾಣ ಕೆಲವು ಮಕ್ಕಳಿಗೆ ಮಾತ್ರ ಏಕೆ ವಿಷವಾಯಿತು ಎಂಬುದರ ಒಂದು ಕಾರಣ ತಿಳಿಯಲು 2011ರವರೆಗೆ ಕಾಯಬೇಕಾಯಿತು. ಡಿಯನ್ನು ಒಡೆದು ನಿಷ್ಕ್ರಿಯಗೊಳಿಸುವ ಕಿಣ್ವದ ಸಿವೈಪಿ24ಎ1 ಎಂಬ ಜೀನು ಕೆಲವರಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ.

ದೇಹದೊಳಗಿನ ವ್ಯವಹಾರ ಸ್ಪಷ್ಟವಾದದ್ದು 1968ರ ನಂತರ. ಆ ವರ್ಷ ಹೆಕ್ಟರ್ ಡಿಲೂಕಾ ಅವರ ತಂಡ, ಯಕೃತ್ತು ಡಿಯನ್ನು ಬದಲಿಸಿದಾಗ ಹುಟ್ಟುವ 25-ಹೈಡ್ರಾಕ್ಸಿ ರೂಪವನ್ನು ಗುರುತಿಸಿತು. ಇಂದಿನ ಪ್ರಯೋಗಾಲಯಗಳು ಅಳೆಯುವುದು ಇದನ್ನೇ. ಮೂತ್ರಪಿಂಡ ಇದನ್ನು ಇನ್ನೊಮ್ಮೆ ಬದಲಿಸಿದಾಗ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನು ತಯಾರಾಗಿ, ಕರುಳಿನಿಂದ ಕ್ಯಾಲ್ಸಿಯಂ ಹೀರಿಸುತ್ತದೆ. ಬಿಸಿಲಿನಿಂದ ಡಿ ಮಿತಿಮೀರದಂತೆ ಚರ್ಮವೇ ತಡೆಯುತ್ತದೆ, ಹೆಚ್ಚಾದದ್ದನ್ನು ನಿರುಪಯೋಗಿ ವಸ್ತುಗಳಾಗಿ ಮಾರ್ಪಡಿಸುತ್ತದೆ. ನುಂಗಿದ ಡಿಗೆ ಇಂಥ ಬಾಗಿಲಿಲ್ಲ. ಅದು ಕೊಬ್ಬಿನಲ್ಲಿ ಕೂತು ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಮಾತ್ರೆ ನಿಲ್ಲಿಸಿದ ಕೂಡಲೇ ತೊಂದರೆ ನಿಲ್ಲುವುದಿಲ್ಲ.

ದೊಡ್ಡ ಪ್ರಮಾಣದ ಎರಡನೆಯ ಅಲೆ ಈ ಶತಮಾನದ ಹೊಸ್ತಿಲಲ್ಲಿ ಎದ್ದಿತು. ಕೆನಡಾದ ರೈನ್‌ಹೋಲ್ಡ್ ವೀತ್ 1999ರಲ್ಲಿ, ಹಳೆಯ ಮಿತಿಗಳು ಅನಗತ್ಯವಾಗಿ ಬಿಗಿಯಾಗಿವೆ ಎಂದು ವಾದಿಸಿದರು. 2000ದಲ್ಲಿ ದೆಹಲಿಯ ಆರೋಗ್ಯವಂತರಲ್ಲೂ ಕೊರತೆ ವ್ಯಾಪಕವಾಗಿದೆ ಎಂಬ ಅಧ್ಯಯನ ಬಂತು. ಬಿಸಿಲಿನ ನಾಡೆಂಬ ನಮ್ಮ ನೆಮ್ಮದಿ ಕದಡಿತು. 2011ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಎರಡು ಗೆರೆ ಎಳೆದವು. ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ರಕ್ತದ ಪ್ರತಿ ಮಿಲಿಲೀಟರಿನಲ್ಲಿ 20 ನ್ಯಾನೋಗ್ರಾಂ ಇದ್ದರೆ ಬಹುತೇಕರಿಗೆ ಸಾಕೆಂದಿತು. ಎಂಡೋಕ್ರೈನ್ ಸೊಸೈಟಿ 30 ಬೇಕೆಂದಿತು. 24 ಬಂದವರು ಒಂದರ ಪ್ರಕಾರ ಸರಿಯಿದ್ದರು, ಇನ್ನೊಂದರ ಪ್ರಕಾರ ಅವರಿಗೆ ಅದು ಸಾಲದಾಗಿತ್ತು. ಮಾರುಕಟ್ಟೆ ಯಾವುದನ್ನು ಹಿಡಿಯಿತೆಂದು ಬೇರೆ ಹೇಳಬೇಕಿಲ್ಲ.

ಅಷ್ಟರಲ್ಲಿ ದೊಡ್ಡ ಪರೀಕ್ಷೆಗಳ ಫಲಿತಾಂಶ ಬರತೊಡಗಿತು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಐಯು ಕೊಡಲಾಯಿತು. ಮಾತ್ರೆ ಮರೆಯುವ ಗೋಜಿಲ್ಲ, ಮೂಳೆಯೂ ಗಟ್ಟಿಯಾದೀತು ಎಂಬ ಆಸೆ. 2010ರಲ್ಲಿ ಪ್ರಕಟವಾದ ಫಲಿತಾಂಶ ತಿರುವುಮುರುವಾಗಿತ್ತು. ಔಷಧ ಪಡೆದವರು 15% ಹೆಚ್ಚು ಬಿದ್ದರು, ಅವರಲ್ಲಿ ಮೂಳೆ ಮುರಿತ 26% ಹೆಚ್ಚಿತು. ಬೀಳುವುದು ಅತಿ ಜಾಸ್ತಿಯಾದದ್ದು ಔಷಧ ಕುಡಿದ ಮೊದಲ ಮೂರು ತಿಂಗಳಲ್ಲಿ. 2019ರಲ್ಲಿ ಕೆನಡಾದ ಕ್ಯಾಲ್ಗರಿಯಿಂದ ಬಂದ ವರದಿಯಲ್ಲಿ, ಮೂರು ವರ್ಷ ದಿನಕ್ಕೆ 10,000 ಐಯು ತೆಗೆದುಕೊಂಡವರ ಮುಂಗೈ ಮೂಳೆಯ ಸಾಂದ್ರತೆ 400 ಐಯು ತೆಗೆದುಕೊಂಡವರಿಗಿಂತ ಕಡಿಮೆಯಿತ್ತು. ಸುಮಾರು 26,000 ಅಮೆರಿಕನ್ನರ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2,000 ಐಯು ಹೃದಯಾಘಾತವನ್ನಾಗಲಿ ಹೊಸ ಕ್ಯಾನ್ಸರ್‌ಗಳನ್ನಾಗಲಿ ತಗ್ಗಿಸಲಿಲ್ಲ. 2024ರಲ್ಲಿ ಎಂಡೋಕ್ರೈನ್ ಸೊಸೈಟಿ ತನ್ನ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಂತರಿಗೆ ವಾಡಿಕೆಯ ಪರೀಕ್ಷೆಯೂ ಬೇಡ ಎಂದಿತು.

ಹಾಗೆಂದು ನಮ್ಮ 60,000ದ ಪ್ಯಾಕೆಟ್ಟು ಕೆಟ್ಟದ್ದಲ್ಲ. ನಿಜವಾದ ಕೊರತೆ ಇರುವವರಿಗೆ ವಾರಕ್ಕೊಂದರಂತೆ ಎಂಟು ವಾರ ಎಂದರೆ ಒಟ್ಟು 4.8 ಲಕ್ಷ ಐಯು, ದಿನಕ್ಕೆ ಹಂಚಿದರೆ ಸುಮಾರು 8,500. ಖಾಲಿಯಾದ ಸಂಗ್ರಹ ತುಂಬಲು ಈ ಕೋರ್ಸ್ ಸರಿ. ಆದರೆ ವಾರಕ್ಕೊಂದು ಎಂಬುದು ದಿನಕ್ಕೊಂದಾದರೆ ಎರಡು ತಿಂಗಳಲ್ಲಿ 36 ಲಕ್ಷ ಐಯು ಒಳಸೇರುತ್ತದೆ. ಇದು ಬರೀ ಊಹೆಯಲ್ಲ. ಹೀಗೆ ಲಕ್ಷಗಟ್ಟಲೆ ಐಯು ಸೇರಿ ಆಸ್ಪತ್ರೆ ಸೇರಿದವರ ಬಗ್ಗೆ ಕಾಶ್ಮೀರದ ವೈದ್ಯರು ವರದಿ ಮಾಡಿದ್ದಾರೆ.

ಆದ್ದರಿಂದ ಔಷಧದ ಚೀಟಿ ಕೈಗೆ ಬಂದಾಗ ಮೂರು ವಿಷಯ ಕೇಳಿ ಬರೆಸಿಕೊಳ್ಳಿ: ಯಾಕೆ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿಗೆ ಮುಕ್ತಾಯ. ಮೂತ್ರಪಿಂಡದ ಕಲ್ಲು, ಕ್ಷಯ, ಸಾರ್ಕಾಯ್ಡೋಸಿಸ್, ಪ್ಯಾರಾಥೈರಾಯ್ಡ್ ತೊಂದರೆ ಇದ್ದರೆ, ಥಯಜೈಡ್ ಅಥವಾ ಡಿಗಾಕ್ಸಿನ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್, ಬಲವರ್ಧಿತ ಹಾಲು, ಎಣ್ಣೆಗಳಲ್ಲೂ ಡಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕು ಕಾಣಿಸಿದರೆ ಮಾತ್ರೆ ನಿಲ್ಲಿಸಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಕೋರ್ಸ್ ಮುಗಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ದಿನದ 600 ಐಯು ಬಹುತೇಕರಿಗೆ ಸಾಕು, ವೈದ್ಯರ ನಿಗಾ ಇಲ್ಲದೆ 4,000 ದಾಟಬೇಡಿ. ದೊಡ್ಡ ಪ್ರಮಾಣವನ್ನು ಸುರಕ್ಷಿತವಾಗಿ ಉಳಿಸುವುದು ಅದರ ಕೊನೆಯ ದಿನ. ಆ ತಾರೀಖು ಬರೆಯದ ಚೀಟಿ ಅಪೂರ್ಣ.