ಬೆಟ್ಟ ಹೊಳೆಗಳನ್ನು ಸೇರಿಸಿ ಕಟ್ಟಿದ ರಾಜಧಾನಿ: ವಿಯೆಟ್ನಾಮಿನ ಹುಯೆ

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು ಬಹಳ ಮಂದಿ ಇದ್ದಾರೆ. ಇತಿಹಾಸದ ಲೇಖನ ಕೊಡು ಎಂದು ಗುರುಗಳು ಕೇಳಿದಾಗ ನನಗೆ ಹೊಳೆದದ್ದು ಹುಯೆ ನಗರ. ಕೆಲಸದ ನಿಮಿತ್ತ ವಿಯೆಟ್ನಾಮಿಗೆ ಹೋದಾಗ ಅದನ್ನು ನೋಡಿದೆ, ಆಮೇಲೆ ಅದರ ಬಗ್ಗೆ ಓದುತ್ತಾ ಹೋದೆ. ವಿಯೆಟ್ನಾಂ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಅಮೆರಿಕದ ಯುದ್ಧ. ಆ ಯುದ್ಧಕ್ಕೂ ಮೊದಲು ಅಲ್ಲಿ ಒಂದು ಚೆಂದದ ರಾಜಧಾನಿ ಇತ್ತು, ಯುದ್ಧದಲ್ಲಿ ಅದು ಸುಟ್ಟುಹೋಯಿತು, ಈಗ ಮತ್ತೆ ಎದ್ದು ನಿಲ್ಲುತ್ತಿದೆ. ಆ ಕಥೆ ನಮ್ಮ ಊರಿನವರಿಗೂ ಮಕ್ಕಳಿಗೂ ತಿಳಿಯಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಮಾಷೆಯ ಸಂಗತಿ. ಒಂದನೇ ತರಗತಿಯಲ್ಲಿ ಕ ಖ ಗ ಘ ಆದ ಮೇಲೆ 'ಙ' ಎಂದು ಹೇಳಿಸುತ್ತಿದ್ದರಲ್ಲ, ಆ ಅಕ್ಷರದಿಂದ ಶುರುವಾಗುವ ಪದ ನಮ್ಮಲ್ಲಿ ಹುಡುಕಿದರೂ ಸಿಗುವುದಿಲ್ಲ. ವಿಯೆಟ್ನಾಮಿನಲ್ಲಿ ಅದಕ್ಕೆ ಕೈತುಂಬ ಕೆಲಸ. ಹುಯೆಯನ್ನು ಆಳಿದ ವಂಶದ ಹೆಸರೇ ಙುಯೆನ್. ಅರಮನೆಯ ಹೆಬ್ಬಾಗಿಲು ಙೊ ಮೋನ್. ಅದರ ಎದುರಿಗಿರುವ ಬೆಟ್ಟ ಙು ಬಿನ್. ಅಲ್ಲಿನ ಆಸ್ಥಾನ ಸಂಗೀತಕ್ಕೆ ಹೆಸರು ಞಾ ಞಾಕ್. ನಮ್ಮ ವರ್ಣಮಾಲೆಯ ಙ, ಞ ಎರಡೂ ಆ ಊರಿನ ಹೆಸರುಗಳನ್ನು ಬರೆಯಲು ಸಲೀಸಾಗಿ ಒದಗುತ್ತವೆ.

ಚಂಪಾ ರಾಜ್ಯದ ನೆಲ

ಹುಯೆ ಇರುವುದು ವಿಯೆಟ್ನಾಮಿನ ನಡುಭಾಗದಲ್ಲಿ. ಪಶ್ಚಿಮಕ್ಕೆ ಬೆಟ್ಟಸಾಲು, ಪೂರ್ವಕ್ಕೆ ಸಮುದ್ರ, ನಡುವೆ ಅಗಲ ಕಡಿಮೆಯಿರುವ ಬಯಲು. ಒಂದು ಕಾಲಕ್ಕೆ ಇದು ಚಂಪಾ ರಾಜ್ಯಕ್ಕೆ ಸೇರಿತ್ತು. ಚಂಪಾದ ರಾಜರು ಶಿವನನ್ನು ಪೂಜಿಸುತ್ತಿದ್ದರು, ಶಾಸನಗಳನ್ನು ಸಂಸ್ಕೃತದಲ್ಲಿಯೂ ಬರೆಸುತ್ತಿದ್ದರು. ಹುಯೆಯಿಂದ ದಕ್ಷಿಣಕ್ಕಿರುವ ಮಿ ಸೊನ್ ಕಣಿವೆಯಲ್ಲಿ ಅವರು ಕಟ್ಟಿದ ಇಟ್ಟಿಗೆ ದೇಗುಲಗಳು ಇಂದಿಗೂ ಇವೆ. ಹುಯೆಯ ಹತ್ತಿರವೇ, ಫು ದಿಯೆನ್ ಎಂಬ ಕಡಲತೀರದಲ್ಲಿ, 2001ರಲ್ಲಿ ಮರಳು ದಿಬ್ಬದ ಅಡಿ ಒಂದು ಚಂಪಾ ಗುಡಿ ಸಿಕ್ಕಿತು. ಸುಮಾರು ಎಂಟನೇ ಶತಮಾನದ್ದು. ಅದನ್ನು ಅಷ್ಟು ಕಾಲ ಕಾಪಾಡಿದ್ದು ಮರಳು.

1306ರಲ್ಲಿ ಚಂಪಾದ ರಾಜ ಮೂರನೆಯ ಜಯಸಿಂಹವರ್ಮ ವಿಯೆಟ್ನಾಮಿನ ರಾಜಕುಮಾರಿ ಹುಯೆನ್ ತ್ರಾನ್‌ಳನ್ನು ಮದುವೆಯಾದ. ಹೆಣ್ಣಿಗೆ ತೆರವಾಗಿ ಎರಡು ಸೀಮೆಗಳನ್ನು ಬಿಟ್ಟುಕೊಟ್ಟ. ಇಂದಿನ ಹುಯೆ ಆ ಸೀಮೆಯಲ್ಲಿದೆ. ನಮ್ಮಲ್ಲಿ ಆಗ ಹೊಯ್ಸಳರ ಮೂರನೆಯ ಬಲ್ಲಾಳ ಆಳುತ್ತಿದ್ದ ಕಾಲ. ಮುಂದೆ 1558ರಲ್ಲಿ, ತಾಳಿಕೋಟೆ ಕಾಳಗಕ್ಕೆ ಏಳು ವರ್ಷ ಮೊದಲು, ಙುಯೆನ್ ಹೋವಾಂಗ್ ಎಂಬ ಸರದಾರ ಈ ಸೀಮೆಯ ಆಡಳಿತಕ್ಕೆಂದು ಬಂದ. 1601ರಲ್ಲಿ ನದಿಯ ದಂಡೆಯ ದಿಬ್ಬದ ಮೇಲೆ ಥಿಯೆನ್ ಮು ಎಂಬ ಬೌದ್ಧ ಮಂದಿರ ಕಟ್ಟಿಸಿದ. ಒಬ್ಬ ಮುದುಕಿ ಆ ದಿಬ್ಬದ ಮೇಲೆ ಕಾಣಿಸಿಕೊಂಡು, 'ಮುಂದೆ ಒಬ್ಬ ಒಡೆಯ ಬಂದು ಇಲ್ಲಿ ಮಂದಿರ ಕಟ್ಟುತ್ತಾನೆ' ಎಂದು ಹೇಳಿದ್ದಳೆಂದು ಊರಿನ ಕಥೆ. 1710ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆ ಅಲ್ಲಿದೆ. 1844ರಲ್ಲಿ ಕಟ್ಟಿದ ಏಳು ಅಂತಸ್ತಿನ ಗೋಪುರ ನದಿಯ ದೋಣಿಗಳಿಗೆ ದೂರದಿಂದಲೇ ಕಾಣುತ್ತದೆ.

ಬೆಟ್ಟವೇ ಮರೆಗೋಡೆ, ಹೊಳೆಯೇ ಅಂಗಳ

ಶ್ರೀರಂಗಪಟ್ಟಣ ಬಿದ್ದು ಮೂರು ವರ್ಷಕ್ಕೆ, 1802ರಲ್ಲಿ, ಙುಯೆನ್ ವಂಶದ ಜಾ ಲಾಂಗ್ ಇಡೀ ವಿಯೆಟ್ನಾಮನ್ನು ಒಂದು ಮಾಡಿ ಚಕ್ರವರ್ತಿಯಾದ. ಹುಯೆಯನ್ನು ರಾಜಧಾನಿ ಮಾಡಿಕೊಂಡ. 1805ರಲ್ಲಿ ಶುರುವಾದ ಕೋಟೆ ಅವನ ಮಗ ಮಿನ್ ಮಾಂಗ್‌ನ ಕಾಲದಲ್ಲಿ, 1832ರ ಹೊತ್ತಿಗೆ ಮುಗಿಯಿತು. ಹೊರಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ., ಎತ್ತರ ಆರೂವರೆ ಮೀಟರ್, ದಪ್ಪ ಸುಮಾರು 21 ಮೀಟರ್. ಅದರೊಳಗೆ ಅರಮನೆಯ ಆವರಣ, ಅದರೊಳಗೆ ರಾಜಮನೆತನಕ್ಕೆ ಮೀಸಲಾದ ನಿಷಿದ್ಧ ನಗರ. ಹೀಗೆ ಮೂರು ಸುತ್ತು. ಗೋಡೆಯ ಕೊತ್ತಲಗಳು ಫ್ರೆಂಚರ ಕೋಟೆಯ ಮಾದರಿಯವು. ಒಳಗಿನ ಅರಮನೆಗಳ ಲೆಕ್ಕಾಚಾರ ಮಾತ್ರ ಪೂರ್ವ ದೇಶಗಳದ್ದು.

ಆ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸಬೇಕು. ನಾವು ಮನೆ ಕಟ್ಟುವಾಗ ವಾಸ್ತು ನೋಡುವಂತೆ ಅಲ್ಲಿ ಗಾಳಿ, ನೀರು, ಬೆಟ್ಟಗಳ ಶಾಸ್ತ್ರ ನೋಡುತ್ತಾರೆ. ಹೆಬ್ಬಾಗಿಲ ಎದುರು ಒಂದು ಮರೆ ಇರಬೇಕು, ಕೆಟ್ಟದ್ದು ನೇರವಾಗಿ ಒಳಗೆ ನುಗ್ಗಬಾರದು. ಹುಯೆಯ ಅರಮನೆ ಆಗ್ನೇಯಕ್ಕೆ ಮುಖ ಮಾಡಿದೆ. ಅದರ ಎದುರಿಗೆ, ನದಿಯಾಚೆ, ನೂರು ಮೀಟರಿನಷ್ಟು ಎತ್ತರದ ಙು ಬಿನ್ ಬೆಟ್ಟ. ಆ ಹೆಸರಿನ ಅರ್ಥವೇ ರಾಜನ ಮರೆಗೋಡೆ. ಬೆಟ್ಟಕ್ಕೂ ಕೋಟೆಗೂ ನಡುವೆ ಹರಿಯುವುದು ಸುಗಂಧ ನದಿ. ನದಿಯಲ್ಲಿ ಎರಡು ನಡುಗಡ್ಡೆಗಳಿವೆ. ಎಡಗಡೆಯದು ಹಸಿರು ಡ್ರ್ಯಾಗನ್, ಬಲಗಡೆಯದು ಬಿಳಿ ಹುಲಿ. ಎರಡೂ ರಾಜಧಾನಿಯ ಕಾವಲಿಗೆ ಕೂತಿವೆ ಎಂದು ನಂಬಿಕೆ.

ನಂಬಿಕೆಯನ್ನು ಬದಿಗಿಟ್ಟು ನೋಡಿದರೂ ಇದರಲ್ಲಿ ಒಂದು ದೊಡ್ಡ ಸಂಗತಿ ಇದೆ. ಬೆಟ್ಟ, ಹೊಳೆ, ನಡುಗಡ್ಡೆ ಎಲ್ಲವೂ ಊರಿನ ನಕ್ಷೆಯ ಒಳಗೇ ಬಂದುಬಿಟ್ಟವು. ಬೆಟ್ಟವನ್ನು ಅಗೆದರೆ ಅರಮನೆಯ ಗೋಡೆಯನ್ನೇ ಕೆಡವಿದ ಹಾಗೆ. ಕೋಟೆಯೊಳಗೆ ಙು ಹಾ ಎಂಬ ಕಾಲುವೆಯನ್ನೂ, ಕೊಳಗಳನ್ನೂ ಮಾಡಿದರು. 1999ರ ನವೆಂಬರಿನಲ್ಲಿ ಹುಯೆಯಲ್ಲಿ ಒಂದೇ ದಿನ 1,300 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಊರು ಮುಳುಗಿತ್ತು. ಅಂಥ ಮಳೆಯ ಸೀಮೆಯಲ್ಲಿ ನೀರಿಗೆ ಜಾಗ ಬಿಡುವುದು ಬರೀ ಶಾಸ್ತ್ರದ ಮಾತಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಒಂಬತ್ತು ಕಂಚಿನ ಪಾತ್ರೆಗಳು

ಅರಮನೆಯ ಆವರಣದಲ್ಲಿ ರಾಜರ ಪೂರ್ವಜರ ಗುಡಿಯ ಮುಂದೆ ಒಂಬತ್ತು ದೊಡ್ಡ ಕಂಚಿನ ಪಾತ್ರೆಗಳಿವೆ. ಮಿನ್ ಮಾಂಗ್ 1835ರಲ್ಲಿ ಎರಕ ಶುರುಮಾಡಿಸಿದ, 1837ರಲ್ಲಿ ಮುಗಿಯಿತು. ಒಂದೊಂದೂ ಸುಮಾರು ಎರಡು ಟನ್ ಅಥವಾ ಅದಕ್ಕಿಂತ ಹೆಚ್ಚು ತೂಕ. ಜಾ ಲಾಂಗ್‌ನ ಹೆಸರಿನದು ಉಳಿದವುಗಳಿಗಿಂತ ಒಂದು ಹೆಜ್ಜೆ ಮುಂದಿದೆ.

ಅವುಗಳ ಮೇಲಿನ ನೂರೈವತ್ತಕ್ಕೂ ಹೆಚ್ಚು ಉಬ್ಬುಚಿತ್ರಗಳಲ್ಲಿ ಹೆಚ್ಚಾಗಿ ಇರುವುದು ದೇಶದ ಬೆಟ್ಟಗಳು, ಹೊಳೆಗಳು, ಭತ್ತ, ಹಲಸು, ಅಡಿಕೆ, ಆನೆ, ಹುಲಿ, ಹಕ್ಕಿ, ದೋಣಿ, ನಕ್ಷತ್ರ. ಙು ಬಿನ್ ಬೆಟ್ಟವೂ ಸುಗಂಧ ನದಿಯೂ ಅದರಲ್ಲಿವೆ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಒಂದು ದೇಶ ತನ್ನ ಪ್ರಕೃತಿಯನ್ನು ಕಂಚಿನಲ್ಲಿ ಬ್ಯಾಕಪ್ ತೆಗೆದಿಟ್ಟ ಹಾಗೆ. ಸುತ್ತಲಿನ ಎಷ್ಟೋ ಕಟ್ಟಡಗಳು ಸುಟ್ಟುಹೋದರೂ ಈ ಒಂಬತ್ತೂ ಇದ್ದಲ್ಲೇ ಉಳಿದವು. 2024ರಲ್ಲಿ ಯುನೆಸ್ಕೋ ಇವುಗಳ ಚಿತ್ರ, ಬರಹಗಳನ್ನು ಏಷ್ಯಾ ಪೆಸಿಫಿಕ್ ಪ್ರದೇಶದ ದಾಖಲೆ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಮಾಧಿ ತೋಟಗಳು, ಸುಣ್ಣ ಕುಟ್ಟುವವರ ದಂಗೆ

ನದಿಯ ಮೇಲ್ದಂಡೆಯ ಗುಡ್ಡಗಳಲ್ಲಿ ಙುಯೆನ್ ರಾಜರ ಸಮಾಧಿಗಳಿವೆ. ಸಮಾಧಿ ಎಂದರೆ ಒಂದು ಕಲ್ಲು ಮಂಟಪ ಎಂದುಕೊಳ್ಳಬೇಡಿ. ಕೆರೆ, ಸೇತುವೆ, ಪೈನ್ ಮರಗಳ ತೋಪು, ಜಗಲಿ ಸೇರಿ ಒಂದೊಂದೂ ಒಂದು ತೋಟ. ಸುಗಂಧ ನದಿಯ ಎರಡು ಕವಲುಗಳು ಕೂಡುವ ಕಡೆ ಮಿನ್ ಮಾಂಗ್‌ನ ಸಮಾಧಿ. ಬಾಗಿಲು, ಮಂಟಪ, ಸೇತುವೆ, ಗೋರಿ ಎಲ್ಲವೂ ಸುಮಾರು 700 ಮೀಟರಿನ ಒಂದೇ ನೇರ ಗೆರೆಯ ಮೇಲಿವೆ. 1920ರಿಂದ 1931ರವರೆಗೆ ಕಟ್ಟಿದ ಖಾಯ್ ದಿನ್‌ನ ಸಮಾಧಿ ಇದಕ್ಕೆ ತದ್ವಿರುದ್ಧ: ಕಡಿದಾದ ಮೆಟ್ಟಿಲು, ಕಪ್ಪು ಸಿಮೆಂಟು, ಒಳಗೆ ಗೋಡೆ ತುಂಬಾ ಬಣ್ಣಬಣ್ಣದ ಪಿಂಗಾಣಿ ಚೂರು, ಗಾಜಿನ ಚೂರುಗಳ ಕುಸುರಿ.

ಎಲ್ಲಕ್ಕಿಂತ ಚೆಂದದ್ದು ತು ದುಕ್‌ನದು, 1864ರಿಂದ 1867ರವರೆಗೆ ಕಟ್ಟಿದ್ದು. ಅವನು ಕವಿ. ಬದುಕಿದ್ದಾಗಲೇ ಅಲ್ಲಿಗೆ ಬಂದು ಕೊಳದ ಮಂಟಪದಲ್ಲಿ ಕೂತು ಪದ್ಯ ಬರೆಯುತ್ತಿದ್ದ. ಆದರೆ ಈ ಚೆಲುವಿನ ಹಿಂದೆ ಒಂದು ನೋವಿದೆ. ದುಡಿಮೆಯ ಹಿಂಸೆ ತಾಳಲಾರದೆ 1866ರಲ್ಲಿ ಕೂಲಿಗಳು ದಂಗೆ ಎದ್ದರು. ಗಾರೆಗೆ ಸುಣ್ಣ ಕುಟ್ಟುವ ಒನಕೆಗಳೇ ಅವರ ಆಯುಧ, ಆದ್ದರಿಂದ ಅದಕ್ಕೆ ಸುಣ್ಣದ ಒನಕೆಯ ದಂಗೆ ಎಂದೇ ಹೆಸರು. ಒನಕೆ ಎಂದರೆ ನಮಗೆ ಓಬವ್ವ ನೆನಪಾಗುತ್ತಾಳೆ. ಓಬವ್ವ ಕೋಟೆಯನ್ನು ಉಳಿಸಲು ಎತ್ತಿದಳು, ಇವರು ತಮ್ಮ ಜೀವ ಉಳಿಸಿಕೊಳ್ಳಲು ಎತ್ತಿದರು. ದಂಗೆ ಅಡಗಿತು. 'ಹತ್ತು ಸಾವಿರ ವರ್ಷ' ಎಂಬ ಅರ್ಥದ ಹೆಸರಿನ ಆ ಕಟ್ಟಡಕ್ಕೆ ರಾಜ 'ವಿನಯ' ಎಂಬ ಅರ್ಥದ ಹೆಸರಿಟ್ಟ. ಮಕ್ಕಳಿಲ್ಲದ ಅವನು ತನ್ನ ಆಳ್ವಿಕೆಯ ಚರಿತ್ರೆಯನ್ನು ತಾನೇ ಬರೆದು ಕಲ್ಲಿನಲ್ಲಿ ಕೆತ್ತಿಸಿದ, ತನ್ನ ಕೊರತೆಗಳನ್ನೂ ಅದರಲ್ಲಿ ಹೇಳಿಕೊಂಡ. ಸ್ಮಾರಕ ನೋಡುವಾಗ ರಾಜನ ಹೆಸರಿನ ಜೊತೆಗೆ ಸುಣ್ಣ ಕುಟ್ಟಿದವರನ್ನೂ ನೆನೆಯಬೇಕು.

ಬೆಂಕಿ ಬಿದ್ದ ಊರು

1885ರ ಜುಲೈಯಲ್ಲಿ ಫ್ರೆಂಚರು ಹುಯೆಯನ್ನು ಹಿಡಿದು ಲೂಟಿ ಮಾಡಿದರು. ಬಾಲಕ ಚಕ್ರವರ್ತಿ ಹಾಮ್ ಙಿ ಬೆಟ್ಟಗಳಿಗೆ ಓಡಿಹೋದ. ಅಂದು ಸತ್ತವರಿಗೆ ಹುಯೆಯ ಜನ ಇಂದಿಗೂ ಪ್ರತಿವರ್ಷ, ಅವರ ಚಾಂದ್ರಮಾನದ ಐದನೇ ತಿಂಗಳಲ್ಲಿ, ಮನೆಯ ಮುಂದೆ ಎಡೆ ಇಡುತ್ತಾರೆ. ಹೆಸರು ಗೊತ್ತಿಲ್ಲದವರಿಗೂ ಸಲ್ಲುವ ಎಡೆ ಅದು. ನಮ್ಮ ಮಹಾಲಯದ ಎಡೆಯ ಹಾಗೆ.

1945ರ ಆಗಸ್ಟ್ 30ರಂದು ಕೊನೆಯ ಚಕ್ರವರ್ತಿ ಬಾವೊ ದಾಯ್ ಙೊ ಮೋನ್ ಹೆಬ್ಬಾಗಿಲಿನಲ್ಲಿ ಅಧಿಕಾರ ಬಿಟ್ಟುಕೊಟ್ಟ. 1947ರ ಆರಂಭದಲ್ಲಿ ಫ್ರೆಂಚರಿಗೂ ಸ್ವಾತಂತ್ರ್ಯ ಹೋರಾಟಗಾರರಿಗೂ ನಡೆದ ಕಾಳಗದ ಹೊತ್ತಿಗೆ ನಿಷಿದ್ಧ ನಗರದ ಬಹುತೇಕ ಕಟ್ಟಡಗಳು ಸುಟ್ಟವು. 1968ರ ಜನವರಿ 31ರಂದು, ಅವರ ಹೊಸವರ್ಷದ ಹಬ್ಬದ ದಿನಗಳಲ್ಲೇ, ಮತ್ತೊಂದು ಕಾಳಗ. ಮೂರು ವಾರಕ್ಕೂ ಹೆಚ್ಚು ಕಾಲ ಬೀದಿ ಬೀದಿಯಲ್ಲಿ ಹೊಡೆದಾಟ ನಡೆಯಿತು. ಊರಿನ ಹೆಚ್ಚಿನ ಮನೆಗಳು ಹಾಳಾದವು. ಸಾವಿರಾರು ನಾಗರಿಕರು ಸತ್ತರು, ಕೆಲವರು ಬಾಂಬಿಗೆ, ಕೆಲವರು ಹಿಡಿದೊಯ್ದವರ ಕೈಯಲ್ಲಿ.

ಮತ್ತೆ ಕಟ್ಟಿದ್ದು

ಯುದ್ಧ ಮುಗಿದ ಮೇಲೆ ಕೆಲವು ವರ್ಷ ರಾಜರ ಕಾಲದ ಕಟ್ಟಡಗಳನ್ನು ಕೇಳುವವರಿರಲಿಲ್ಲ. 1981ರಲ್ಲಿ ಯುನೆಸ್ಕೋ ಹುಯೆಯನ್ನು ಉಳಿಸಲು ಪ್ರಪಂಚಕ್ಕೆ ಕರೆ ಕೊಟ್ಟಿತು. 1993ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ವಿಯೆಟ್ನಾಮಿನಿಂದ ಸೇರಿದ ಮೊದಲ ತಾಣ. 1947ರಲ್ಲಿ ಹಾಳಾದ ಕಿಯೆನ್ ಚುಂಗ್ ಅರಮನೆಯ ಅಡಿಪಾಯವಷ್ಟೇ ಉಳಿದಿತ್ತು. ಆ ಅಡಿಪಾಯ ಮತ್ತು ಹಳೆಯ ಫೋಟೋಗಳನ್ನು ಇಟ್ಟುಕೊಂಡು 2019ರಲ್ಲಿ ಕೆಲಸ ಶುರುಮಾಡಿ, 2024ರಲ್ಲಿ ಜನರಿಗೆ ತೆರೆದರು. ಯಾರೋ ತೆಗೆದು ಜೋಪಾನ ಮಾಡಿದ ಫೋಟೋಗಳು ಇಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ.

ಇದರಲ್ಲೂ ಒಂದು ಕಷ್ಟದ ಪ್ರಶ್ನೆ ಬಂತು. ಯುದ್ಧದ ಕಾಲದಿಂದ ನೆಲೆ ಇಲ್ಲದ ಬಡವರು ಕೋಟೆಗೋಡೆಯ ಮೇಲೆಯೇ ಮನೆ ಕಟ್ಟಿಕೊಂಡಿದ್ದರು. 2019ರಿಂದ ಸರ್ಕಾರ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬೇರೆಡೆಗೆ ಸಾಗಿಸುವ ಯೋಜನೆ ಹಿಡಿಯಿತು. ಕೋಟೆ ಉಳಿಯಬೇಕು ನಿಜ. ಆದರೆ ಆ ಗೋಡೆಯ ಮೇಲೆ ಹುಟ್ಟಿ ಬೆಳೆದವರಿಗೆ ಅದೇ ಊರು. ಪರಂಪರೆ ಉಳಿಸುವ ಖರ್ಚಿನ ಲೆಕ್ಕದಲ್ಲಿ ಅವರ ಹೊಸ ಮನೆ, ಹೊಸ ಕೆಲಸ, ಮಕ್ಕಳ ಶಾಲೆ ಎಲ್ಲವೂ ಸೇರಬೇಕು.

ಹಳ್ಳಿಯ ಸೇತುವೆ, ಸರ್ಕಾರಿ ಶಾಲೆ

ಹುಯೆಯಲ್ಲಿ ರಾಜರು ಕಟ್ಟಿಸದ ಸ್ಮಾರಕಗಳೂ ಇವೆ. ನಗರದಿಂದ ಎಂಟು ಕಿ.ಮೀ. ದೂರದ ತಾನ್ ತೋವಾನ್ ಹಳ್ಳಿಯಲ್ಲಿ ಹೆಂಚಿನ ಮಾಡಿನ ಮರದ ಸೇತುವೆ ಇದೆ. 1776ರಲ್ಲಿ ಚಾನ್ ಥಿ ದಾವೊ ಎಂಬ ಹೆಂಗಸು ತನ್ನ ದುಡ್ಡಿನಲ್ಲಿ ಅದನ್ನು ಕಟ್ಟಿಸಿದಳು. ಕಾಲುವೆ ದಾಟಲು ಜನಕ್ಕೆ ಅನುಕೂಲವಾಗಲಿ, ದಣಿದವರು ನೆರಳಲ್ಲಿ ಕೂರಲಿ ಎಂದು ಎರಡೂ ಬದಿಗೆ ಜಗಲಿ ಇದೆ. ಸೇತುವೆಯ ನಡುವೆ ಅವಳಿಗೊಂದು ಪೂಜಾಸ್ಥಾನ. ನೆರೆ ಬಂದು ಹಾಳಾದಾಗೆಲ್ಲ ಅದನ್ನು ರಿಪೇರಿ ಮಾಡಿಕೊಂಡು ಬಂದಿದ್ದಾರೆ.

ಇನ್ನೊಂದು ಕುವೋಕ್ ಹೊಕ್, ನದಿಯ ದಂಡೆಯ ಕೆಂಪು ಗೋಡೆಯ ಪ್ರೌಢಶಾಲೆ. 1896ರಲ್ಲಿ ಶುರುವಾದದ್ದು. ಫ್ರೆಂಚರ ಆಳ್ವಿಕೆಗೆ ಬೇಕಾದ ನೌಕರರನ್ನು ತಯಾರು ಮಾಡುವ ಶಾಲೆ ಅದು. ಆದರೆ ಮುಂದೆ ಹೋ ಚಿ ಮಿನ್ ಆದ ಹುಡುಗ ಓದಿದ್ದು ಅಲ್ಲಿ. ಫ್ರೆಂಚರನ್ನು ದಿಯೆನ್ ಬಿಯೆನ್ ಫುವಿನಲ್ಲಿ ಸೋಲಿಸಿದ ಸೇನಾನಿ ವೋ ಙುಯೆನ್ ಜಾಪ್ ಕೂಡ ಅಲ್ಲಿಯ ವಿದ್ಯಾರ್ಥಿ. ಇಂದಿಗೂ ಅದು ಸರ್ಕಾರಿ ಶಾಲೆಯಾಗಿ ನಡೆಯುತ್ತಿದೆ.

ಐವತ್ತು ತುಂಬಿದ ಶಾಲೆಯ ಮಕ್ಕಳಿಗೆ ನನ್ನದೊಂದು ಕೋರಿಕೆ. ಹುಯೆಯ ಅರಮನೆಯನ್ನು ಮತ್ತೆ ಕಟ್ಟುವಾಗ ಕೆಲಸಕ್ಕೆ ಬಂದದ್ದು ಅಡಿಪಾಯದ ಅಳತೆ ಮತ್ತು ಹಳೆಯ ಫೋಟೋ. ನಮ್ಮ ಸುತ್ತಲಿನ ಕೆರೆ ಏರಿ, ತೂಬು, ವೀರಗಲ್ಲು, ಗುಡ್ಡ, ಹಳೆಯ ಬಾವಿ ಇವುಗಳನ್ನು ಅಳೆದು, ಫೋಟೋ ತೆಗೆದು, ಹಿರಿಯರು ಹೇಳುವ ಹೆಸರು ಬರೆದು ಶಾಲೆಯ ಗ್ರಂಥಾಲಯದಲ್ಲಿ ಒಂದು ಪುಸ್ತಕ ಇಡಿ. ಇವತ್ತು ಇದು ಸಣ್ಣ ಕೆಲಸ ಎನ್ನಿಸಬಹುದು. ಶತಮಾನೋತ್ಸವದ ಸಂಚಿಕೆ ಬರೆಯುವವರು ಆ ಪುಸ್ತಕವನ್ನೇ ಮೊದಲು ಕೇಳುತ್ತಾರೆ.