ಸೆಲ್ಫ್ ತಗೋತಿಲ್ಲ

ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಕಡೆಗೇ ಇಡಬೇಕು. ಹ್ಯಾಂಡಲ್ಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ತುಮಕೂರಿನ ಗ್ಯಾರೇಜಿನಲ್ಲಿ ನಮ್ಮ ಉಸ್ತಾದರು ಕೈಗೆ ಸ್ಪ್ಯಾನರ್ ಕೊಡುವ ಮುಂಚೆ ಕಲಿಸಿದ್ದು ಇದನ್ನು. ಎಂಜಿನ್ ಹಿಂದಕ್ಕೆ ಒದ್ದಾಗ ಹ್ಯಾಂಡಲ್ ಬೆರಳಿನಿಂದ ಜಾರಿಹೋಗಬೇಕು. ಹೆಬ್ಬೆರಳು ಸುತ್ತಿಕೊಂಡಿದ್ದರೆ ಮಣಿಕಟ್ಟು ಮುರಿದಂತೆಯೇ. ಆಗಿನ ಅಂಬಾಸಿಡರ್, ಜೀಪುಗಳಿಗೆ ಸೆಲ್ಫ್ ಇದ್ದರೂ ಮುಂದೆ ಹ್ಯಾಂಡಲ್ ತೂರಿಸಲು ಜಾಗ ಬಿಟ್ಟಿರುತ್ತಿದ್ದರು. ಕಂಪನಿಯವರಿಗೇ ತಮ್ಮ ಸೆಲ್ಫಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ಅಂತ ನನ್ನ ಅನಿಸಿಕೆ.

ಸೆಲ್ಫ್ ಹುಟ್ಟಿದ್ದು ಅಮೆರಿಕದ ಡೇಟನ್ ಊರಿನಲ್ಲಿ. ಚಾರ್ಲ್ಸ್ ಕೆಟರಿಂಗ್ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಕರೆಂಟ್ ಮೋಟರ್ ಕೂರಿಸಿದ್ದವನು. ಗಲ್ಲಾಪೆಟ್ಟಿಗೆಯ ಮೋಟರ್ ದಿನವಿಡೀ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಸಾಕು. ಹಾಗಾಗಿ ಚಿಕ್ಕದಕ್ಕೇ ಮಿತಿ ಮೀರಿದ ಕೆಲಸ ಕೊಡಬಹುದು. ಎಂಜಿನ್ ಎಬ್ಬಿಸಲು ದೈತ್ಯ ಮೋಟರೇ ಬೇಕು ಎಂದು ಉಳಿದವರು ಲೆಕ್ಕ ಹಾಕುತ್ತಿದ್ದಾಗ ಅವನಿಗೆ ಈ ಲೆಕ್ಕ ನೆರವಾಯಿತು. ಕ್ಯಾಡಿಲಾಕ್ 1912ರ ಮಾಡೆಲ್ಲಿಗೆ ಅದನ್ನು ಕೂರಿಸಿತು. ಎಂಜಿನ್ ಎದ್ದ ಮೇಲೆ ಅದೇ ಮೋಟರ್ ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತಿತ್ತು. ಬಡವರ ಕಾರು ಫೋರ್ಡ್ ಮಾಡೆಲ್ ಟಿಗೆ ಸೆಲ್ಫ್ ಬರಲು 1919ರ ತನಕ ಕಾಯಬೇಕಾಯಿತು.

ನಮ್ಮ ಕಡೆ ಮಾತು ಬೇರೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದರು. ಅದರ ಕಥೆಯನ್ನು ಉಸ್ತಾದರು ಬಾಯಿ ಚಪ್ಪರಿಸಿಕೊಂಡು ಹೇಳುವರು. ಬೆಳಗಿನ ಜಾವ ಕ್ಲೀನರ್ ಹುಡುಗ ಎದ್ದು ಇದ್ದಿಲು ತುಂಬಬೇಕು, ಬೆಂಕಿ ಹಚ್ಚಬೇಕು, ಬ್ಲೋವರ್ ತಿರುಗಿಸಬೇಕು, ಗ್ಯಾಸ್ ಹತ್ತಿ ಉರಿಯುತ್ತದೆಯೋ ಎಂದು ನೋಡಬೇಕು, ಆಮೇಲೆ ಹ್ಯಾಂಡಲ್ ಹೊಡೆಯಬೇಕು. ಪ್ಯಾಸೆಂಜರು ಬರುವಷ್ಟರಲ್ಲಿ ಆ ಹುಡುಗನ ಮುಖ ಕಪ್ಪಾಗಿರುತ್ತಿತ್ತು.

1948ರಲ್ಲಿ ಮೈಸೂರು ಸರ್ಕಾರವೇ ಬಸ್ಸು ಬಿಡತೊಡಗಿತು. ಬರಬರುತ್ತಾ ರಸ್ತೆಗಳಲ್ಲಿ ಡೀಸೆಲ್ ಗಾಡಿಗಳು ತುಂಬಿದವು. ದೊಡ್ಡ ಡೀಸೆಲ್ ಎಂಜಿನ್ನಿನ ಒತ್ತಡಕ್ಕೆ ಮನುಷ್ಯನ ತೋಳು ಸಾಲದು, ಅಲ್ಲಿಗೆ ಸೆಲ್ಫ್ ಇಲ್ಲದೆ ವಿಧಿಯಿಲ್ಲ. ಸೆಲ್ಫ್ ಬಂದ ಕಡೆ ಬ್ಯಾಟರಿ ಅಂಗಡಿ ಬಂತು. ನಮ್ಮಂಥವರ ಹೊಟ್ಟೆಪಾಡು ಶುರುವಾದದ್ದು ಹಾಗೆ.

ಆ ಅಂಗಡಿಗಳನ್ನು ಈಗಿನವರು ನೋಡಿರಲಾರರು. ಬ್ಯಾಟರಿಯ ಡಬ್ಬ ಗಟ್ಟಿ ರಬ್ಬರಿನದು. ಮೇಲೆ ಕಪ್ಪು ಪಿಚ್ ಸುರಿದಿರುತ್ತಿತ್ತು, ಸೆಲ್ಲಿನಿಂದ ಸೆಲ್ಲಿಗೆ ಸೀಸದ ಪಟ್ಟಿ ಹೊರಗೇ ಕಾಣುತ್ತಿತ್ತು. ಒಂದು ಸೆಲ್ ಸತ್ತರೆ ಪಿಚ್ ಕರಗಿಸಿ, ಅದೊಂದನ್ನೇ ಎತ್ತಿ, ಪ್ಲೇಟ್ ಬದಲಿಸಿ, ಸೀಸ ಬೆಸೆದು ಮುಚ್ಚುತ್ತಿದ್ದೆವು. ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ನೋಡಿದರೆ ತುಂಬಿದ ಸೆಲ್ 1.260ರ ಆಸುಪಾಸು ತೋರಿಸಬೇಕು. ಲಾರಿಯ ಬ್ಯಾಟರಿಗಳ ಪಕ್ಕದಲ್ಲೇ ಕರೆಂಟಿಲ್ಲದ ಹಳ್ಳಿಗಳಿಂದ ರೇಡಿಯೊ ಬ್ಯಾಟರಿಗಳೂ ಚಾರ್ಜಿಗೆ ಬಂದು ಸಾಲಾಗಿ ಕೂರುತ್ತಿದ್ದವು. ಆಸಿಡ್ ಸಿಡಿದ ಅಂಗಿ ಅಂದು ಚೆನ್ನಾಗಿಯೇ ಕಾಣುತ್ತದೆ. ಒಗೆದು ಹಿಂಡಿದಾಗ ತೂತುಗಳು ಗೊತ್ತಾಗುತ್ತವೆ. ನಮ್ಮನೆಯಲ್ಲಿ ನನ್ನ ಬಟ್ಟೆಗೆ ಬೇರೆ ಬಕೆಟ್ಟೇ ಇತ್ತು.

ಬ್ಯಾಟರಿ ಡೌನಾದರೂ ಡ್ರೈವರುಗಳು ಹೆದರುತ್ತಿರಲಿಲ್ಲ. ಬೆಂಗಳೂರಿನ ಮೈಕೊದಂಥ ಕಾರ್ಖಾನೆಗಳ ಡೀಸೆಲ್ ಪಂಪು ಗೇರಿನಿಂದಲೇ ತಿರುಗುವುದು, ಅದಕ್ಕೆ ಕರೆಂಟಿನ ಹಂಗಿಲ್ಲ. ಎಂಜಿನ್ ಒಮ್ಮೆ ಎದ್ದರೆ ಬ್ಯಾಟರಿ ಬಿಚ್ಚಿಟ್ಟರೂ ಓಡುತ್ತಿತ್ತು. ಅದಕ್ಕೇ ರಾತ್ರಿ ಇಳಿಜಾರು ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದು, ಗಾಡಿ ಉರುಳಲು ಬಿಟ್ಟು, ಗೇರ್ ಹಾಕಿ ಕ್ಲಚ್ ಬಿಟ್ಟರೆ ಆಯಿತು. ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವ ಚಾಳಿ ಮಾತ್ರ ಕೆಟ್ಟದ್ದು, ಹಿಂದೆ ಬರುವ ಸೈಕಲ್ಲಿನವನ ಪಾಡು ಯಾರಿಗೂ ಬೇಕಿರಲಿಲ್ಲ.

ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ನಿಂತಲ್ಲೇ ಎಂಜಿನ್ ಓಡುತ್ತಿದ್ದರೂ ಚಾರ್ಜ್ ಆಗುವುದರಿಂದ ಅದು ಒಳ್ಳೆಯದೇ. ಆಮೇಲೆ ಕಾಮನ್ ರೈಲ್ ಎಂಜಿನ್ ಬಂದು ಡೀಸೆಲ್ ಎಷ್ಟು, ಯಾವಾಗ ಎನ್ನುವುದನ್ನು ಕಂಪ್ಯೂಟರಿಗೆ ಒಪ್ಪಿಸಿತು. ಈಗಿನ ಬಿಎಸ್-6 ಗಾಡಿಯನ್ನು ಬ್ಯಾಟರಿ ಪೂರ್ತಿ ಸತ್ತ ಮೇಲೆ ಇಡೀ ಊರು ಸೇರಿ ತಳ್ಳಿದರೂ ಏಳುವುದಿಲ್ಲ. ಹ್ಯಾಂಡಲ್ ಹೋಯಿತು, ಇಳಿಜಾರೂ ಹೋಯಿತು.

ಇತ್ತೀಚೆಗೆ ಹೈವೇಯಲ್ಲಿ ಕ್ಯಾರವಾನ್‌ಗಳೂ ಕಾಣಸಿಗುತ್ತವೆ, ಒಳಗೇ ಮಂಚ, ಒಲೆ, ಫ್ರಿಜ್. ಅಂಥದ್ದೊಂದು ಶಿರಾ ರಸ್ತೆಯ ಪಕ್ಕ ನಿಂತಿತ್ತು. ಫ್ಯಾನು ತಿರುಗುತ್ತಿತ್ತು, ಫ್ರಿಜ್ ತಣ್ಣಗಿತ್ತು, ಕೀ ತಿರುಗಿಸಿದರೆ ಮಾತ್ರ ಮೀಟರಿನ ದೀಪಗಳೆಲ್ಲ ಆರಿ ಟಕ್ ಎಂದು ಸುಮ್ಮನಾಗುತ್ತಿತ್ತು. “ಅಂಕಲ್, ಕರೆಂಟ್ ಇದೆಯಲ್ಲ, ಇದಕ್ಯಾಕೆ ಬರ್ತಿಲ್ಲ?” ಎಂದ ಗಾಡಿಯ ಹುಡುಗ. “ನೋಡಪ್ಪ, ಮನೆಗೆ ಒಂದು ಬ್ಯಾಟರಿ, ಎಂಜಿನ್ನಿಗೆ ಇನ್ನೊಂದು. ಅದಕ್ಕೂ ಇದಕ್ಕೂ ಲೆಕ್ಕ ಬೇರೆ” ಎಂದೆ. ಎಂಜಿನ್ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್. ಅವನಿಗೆ ಕೀ ತಿರುಗಿಸು ಅಂದೆ, ಆಗಲೂ ಅದು ಹೆಚ್ಚೇನೂ ಇಳಿಯಲಿಲ್ಲ. ಬ್ಯಾಟರಿ ಸೋತಿದ್ದರೆ ಧಡ್ಡನೆ ಬೀಳಬೇಕಿತ್ತು. ಮೀಟರಿನ ಒಂದು ಕಡ್ಡಿ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಛಾಸಿಗೆ ಇಟ್ಟು ಮತ್ತೆ ಕೀ ತಿರುಗಿಸಲು ಹೇಳಿದೆ. ಅರ್ಧ ವೋಲ್ಟೂ ಬರಬಾರದ ಜಾಗದಲ್ಲಿ 10 ಬಂತು. ಇಡೀ ಬ್ಯಾಟರಿಯ ಶಕ್ತಿ ಆ ಒಂದು ಅರ್ತ್ ಬೋಲ್ಟಿನಲ್ಲೇ ಸಿಕ್ಕಿಬಿದ್ದಿತ್ತು. ಬಿಚ್ಚಿದರೆ, ಬಾಡಿ ಕಟ್ಟಿದವರು ಛಾಸಿಗೆ ದಪ್ಪಗೆ ಪೇಂಟ್ ಹೊಡೆದು ಅದರ ಮೇಲೆಯೇ ಅರ್ತ್ ವೈರ್ ಬಿಗಿದಿದ್ದರು. ಮಳೆಗಾಲ ಕಳೆದು ತುಕ್ಕೂ ಸೇರಿಕೊಂಡಿತ್ತು.

ಎಮರಿ ಪೇಪರಿನಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ, ಗ್ರೀಸ್ ಹಚ್ಚಿ ಬಿಗಿದೆ. ಮೊದಲ ಸೆಲ್ಫಿಗೇ ಎಂಜಿನ್ ಎದ್ದಿತು. ಹುಡುಗನ ಮುಖ ಅರಳಲಿಲ್ಲ. ಹಿಂದಿನ ಊರಿನಲ್ಲಿ ಯಾರೋ ಹೇಳಿದರೆಂದು ಆ ಬ್ಯಾಟರಿಯನ್ನು ಹೊಸದಾಗಿಯೇ ಹಾಕಿಸಿಕೊಂಡಿದ್ದನಂತೆ. ವಾಪಸ್ ತಗೋತಾರಾ ಅಂಕಲ್, ಎಂದು ಕೇಳಿದ. ಒಮ್ಮೆ ಗಾಡಿಗೆ ಕಟ್ಟಿದ ಬ್ಯಾಟರಿಯನ್ನು ವಾಪಸ್ ತಗೊಂಡ ಅಂಗಡಿಯವನನ್ನು ನಾನಂತೂ ಕಂಡಿಲ್ಲ.