ಕಾಳಿಯ ಕಲ್ಲು, ಕರಿಯನ ಬೊಗಳಿಕೆ

ಶಾಲೆಯಲ್ಲಿ ತಕ್ಕೋಲಂ ಕಾಳಗದ ಪಾಠ ಬಂದರೆ ಮಕ್ಕಳು ಆಕಳಿಸುತ್ತಾರೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು, ಗಂಗರ ಇಮ್ಮಡಿ ಬೂತುಗ ಕೃಷ್ಣನ ಪರವಾಗಿ ಕಾದಿ ರಾಜಾದಿತ್ಯ ಚೋಳನನ್ನು ಕೊಂದ ಎಂದು ಬೋರ್ಡಿನ ಮೇಲೆ ಬರೆದರೆ, ಅವರು ಬರೆದುಕೊಂಡು ಮರೆತುಬಿಡುತ್ತಾರೆ. ಆದರೆ, “ಆ ಯುದ್ಧದಲ್ಲಿ ಶೌರ್ಯ ತೋರಿದ ಒಬ್ಬ ಭಟನಿಗೆ ರಾಜ ‘ಏನು ಬೇಕು ಕೇಳು’ ಅಂದ. ಆತ ಕೇಳಿದ್ದು ಒಂದು ನಾಯಿಯನ್ನು” ಎಂದರೆ ಸಾಕು, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಆ ಭಟನ ಹೆಸರು ಮಣಲೇರ. ನಾಯಿಯ ಹೆಸರು ಕಾಳಿ. ಈ ಸಂಗತಿಯನ್ನು ಹೇಳುವ ಕಲ್ಲು ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿತ್ತು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟನಂತೆ. ಎರಡೂ ಕಾದಾಡಿ ಎರಡೂ ಸತ್ತವು. ಅದರ ನೆನಪಿಗೆ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಮತ್ತು ಹಂದಿಯ ಹೋರಾಟವನ್ನು ಅದರಲ್ಲಿ ಕೆತ್ತಿಸಿ, ಪೂಜೆಗಾಗಿ ಕೆರೆಯ ಕೆಳಗಿನ ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಗಲುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಇದು ದೂರದ ಮಂಡ್ಯದ ಮಾತಾಯಿತು, ನಮಗೇನು ಸಂಬಂಧ ಅಂತೀರೇನು? ಗೆದ್ದ ಸಂತೋಷಕ್ಕೆ ಕೃಷ್ಣನು ಬೂತುಗನಿಗೆ ಕೊಟ್ಟ ನಾಡುಗಳ ಹೆಸರೂ ಅದೇ ಕಲ್ಲಿನಲ್ಲಿದೆ. ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಅವುಗಳಲ್ಲಿ ಸೇರಿವೆ. ಪುರಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮ ಯಲವಿಗಿಗೆ ನೆರೆಯ ಊರು. ಅರಸನಿಗೆ ನಮ್ಮ ಸೀಮೆ ಸಿಕ್ಕಿತು, ಅವನ ಭಟನಿಗೆ ನಾಯಿ ಸಿಕ್ಕಿತು. ಇಬ್ಬರೂ ಸಂತೋಷಪಟ್ಟರು!

ಇನ್ನು ‘ಗೊರವ’ ಎಂಬ ಮಾತನ್ನು ಹಾವೇರಿ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಸನದ ಗೊರವ ಶೈವ ಅರ್ಚಕ. ಇಂದಿನ ನಮ್ಮ ಗೊರವಪ್ಪ ಮೈಲಾರಲಿಂಗನ ಭಕ್ತ. ಕರಿ ಕಂಬಳಿ, ಕೈಯಲ್ಲಿ ಡಮರು. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದವರು ನೋಡಿರುತ್ತೀರಿ: ಭಕ್ತರು ದೋಣಿಯಲ್ಲಿ ಹಾಲು, ಬಾಳೆಹಣ್ಣು ತುಂಬಿಸಿದರೆ ಗೊರವಪ್ಪಗಳು ಕೈ ಮುಟ್ಟಿಸದೆ, ನಾಯಿಯಂತೆ ಗುರುಗುಟ್ಟುತ್ತ, ಬೊಗಳುತ್ತ ಬಾಯಿ ಹಾಕಿ ಉಣ್ಣುತ್ತಾರೆ. ಒಡೆಯನ ಹಿಂದೆ ಬಿದ್ದ ನಿಷ್ಠೆಗೆ ಇದಕ್ಕಿಂತ ದೊಡ್ಡ ಗುರುತಿಲ್ಲ ಎಂದು ಅವರ ನಂಬಿಕೆ. ‘ನಾಯಿ’ ಎಂದರೆ ಬೈಗುಳವಾದ ಭಾಷೆಯಲ್ಲೇ ದೇವರ ಮುಂದೆ ನಾಯಿಯಾಗುವುದು ಹಿರಿಮೆಯೂ ಆಗಿದೆ.

ಇಷ್ಟೆಲ್ಲ ಗೌರವ ಪಡೆದ ಪ್ರಾಣಿ ನಮ್ಮ ಅಂಗಳದಲ್ಲಿ ನಿಂತು ಬೊಗಳಿದರೆ ಮಾತ್ರ ನಮಗೆ ತಲೆನೋವು. ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ಹೇಳಬೇಕು.

ನಮ್ಮ ಕರಿಯ ಯಾವ ದೊಡ್ಡ ಜಾತಿಯವನೂ ಅಲ್ಲ, ಬೀದಿಯಲ್ಲಿ ಹುಟ್ಟಿದ ಮರಿ. ಮಗ ಎತ್ತಿಕೊಂಡು ಬಂದ, ಒಂದೂವರೆ ವರ್ಷ ಆಡಿಸಿದ, ಆಮೇಲೆ ನೌಕರಿ ಸಿಕ್ಕಿ ಬೆಂಗಳೂರಿಗೆ ಹೋದ. ನಾನು ಬೆಳಿಗ್ಗೆ ಶಾಲೆಗೆ, ನಮ್ಮ ಮನೆಯವರು ಹೊಲಕ್ಕೆ. ಕರಿಯ ಗೇಟಿನ ಹತ್ತಿರ ಸರಪಳಿಯಲ್ಲಿ. ಮಗ ಹೋದ ತಿಂಗಳಲ್ಲೇ ಬೊಗಳಿಕೆ ಶುರುವಾಯಿತು. ಹಾಲಿನವನು ಬಂದರೆ, ಆಕಳು ದಾಟಿದರೆ, ಸ್ಟೇಶನ್ನಿನ ಕಡೆ ರೈಲು ಕೂಗಿದರೆ ಬೊಗಳುತ್ತಿದ್ದ. ರಾತ್ರಿಯಂತೂ ಕೊನೆಯೇ ಇಲ್ಲ. ಪಕ್ಕದ ಮನೆಯಲ್ಲಿ ಆಪರೇಶನ್ ಆಗಿ ಮಲಗಿದ್ದ ಅಜ್ಜಿಗೆ ನಿದ್ದೆ ಹಾರಿಹೋಯಿತು. ಒಂದು ಸಂಜೆ ಅವರ ಸೊಸೆ ಕಂಪೌಂಡಿನ ಆಚೆಯಿಂದ ಮೆಲ್ಲಗೆ ಹೇಳಿದಳು: “ಅಕ್ಕೋರ, ನಾವೇನೂ ಮಾಡೂದಿಲ್ರಿ. ಆದ್ರ ಓಣ್ಯಾಗ ಮಂದಿ ಮಾತಾಡಾಕತ್ತಾರ. ಯಾರರ ರೊಟ್ಟ್ಯಾಗ ಏನರ ಹಾಕಿ ಕೊಟ್ಟರ ಏನ ಮಾಡ್ತೀರಿ?”

ಆಕೆ ಹೆದರಿಸಲು ಹೇಳಿದ್ದಲ್ಲ, ಕಾಳಜಿಯಿಂದ ಹೇಳಿದ್ದು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನಾಯಿಗೆ ವಿಷ ಹಾಕುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಆದರೆ ಸತ್ತ ಮೇಲೆ ಕಾಯ್ದೆ ಕಟ್ಟಿಕೊಂಡು ಏನು ಮಾಡುವುದು? ಇತ್ತ ಅಜ್ಜಿಯ ನಿದ್ದೆಯೂ ಸಣ್ಣ ಮಾತಲ್ಲ. ಎರಡನ್ನೂ ಉಳಿಸಬೇಕಾಗಿತ್ತು.

ನನಗೆ ದಾರಿ ತೋರಿಸಿದವನು ಒಬ್ಬ ಕುರಿಗಾರ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿ ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುವ ರೂಢಿ, ಗೊಬ್ಬರವಾಗುತ್ತದೆ. ಆ ವರ್ಷ ನಮ್ಮ ಹೊಲದಲ್ಲೂ ಹಿಂಡು ಬಿದ್ದಿತ್ತು. ಅವನ ಎರಡು ನಾಯಿಗಳು ಹಗಲೆಲ್ಲ ನೆರಳಿನಲ್ಲಿ ಸುಮ್ಮನೆ ಬಿದ್ದಿದ್ದವು. ‘ಇವು ಬೊಗಳೋದಿಲ್ಲೇನಪ್ಪ?’ ಎಂದು ಕೇಳಿದೆ. “ಬೊಗಳತಾವ್ರಿ, ತ್ವಾಳ ಬಂದ್ರ, ಕಳ್ಳ ಬಂದ್ರ ಬೊಗಳತಾವ. ಕೆಲಸ ಇಲ್ಲದ ನಾಯಿ ಗ್ವಾಡೀಗೂ ಬೊಗಳತೈತ್ರಿ ಅಕ್ಕೋರ” ಎಂದ.

ಅವನ ಮಾತಿಗೆ ವಿಜ್ಞಾನವೂ ಹೌದೆನ್ನುತ್ತದೆ. ನಾಯಿಯ ಮೂಲ ತೋಳ. ಬೆಳೆದ ತೋಳ ಬೊಗಳುವುದು ಅಪರೂಪ. ಅದು ಊಳಿಡುವ ಪ್ರಾಣಿ. ಸಾವಿರಾರು ವರ್ಷ ಮನುಷ್ಯನ ಬೆಂಕಿಯ ಪಕ್ಕ ಮಲಗಿದ ಮೇಲೆಯೇ ಬೊಗಳಿಕೆ ಇಷ್ಟು ಬೆಳೆದದ್ದು. 1959ರಲ್ಲಿ ರಷ್ಯಾದ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ ಸೈಬೀರಿಯಾದಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಆರಂಭಿಸಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಹೆದರದ, ಕಚ್ಚದ ಮರಿಗಳನ್ನಷ್ಟೇ ಆರಿಸಿ ವಂಶ ಬೆಳೆಸಿದರು. ಕೆಲವೇ ತಲೆಮಾರುಗಳಲ್ಲಿ ಆ ನರಿಗಳು ಬಾಲ ಅಲ್ಲಾಡಿಸತೊಡಗಿದವು, ಮನುಷ್ಯರನ್ನು ಕರೆಯುವಂತೆ ಕುಂಯ್‌ಗುಟ್ಟತೊಡಗಿದವು. ನಮ್ಮ ಜೊತೆ ಬಾಳಲು ಬಂದ ಪ್ರಾಣಿ ನಮ್ಮ ಜೊತೆ ಮಾತಾಡಲೂ ಕಲಿಯುತ್ತದೆ. 2005ರಲ್ಲಿ ಹಂಗೇರಿಯ ಸಂಶೋಧಕರು ಬೊಗಳಿಕೆಯ ಧ್ವನಿಮುದ್ರಣಗಳನ್ನು ಜನರಿಗೆ ಕೇಳಿಸಿ ನೋಡಿದರು. ಎಂದೂ ನಾಯಿ ಸಾಕದವರು ಕೂಡ, ಇದು ಅಪರಿಚಿತರನ್ನು ಕಂಡ ಬೊಗಳು, ಇದು ಒಂಟಿಯಾಗಿ ಕಟ್ಟಿಹಾಕಿದಾಗಿನ ಬೊಗಳು ಎಂದು ಸಾಕಷ್ಟು ಸರಿಯಾಗಿ ಗುರುತಿಸಿದರು. ತಾಯಂದಿರಾದ ನಮಗೆ ಇದರಲ್ಲೇನು ಆಶ್ಚರ್ಯ? ಕೂಸಿನ ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು?

ಹಾಗಾಗಿ ಒಂದು ವಾರ ಕರಿಯ ಯಾವಾಗ, ಯಾಕೆ ಬೊಗಳುತ್ತಾನೆಂದು ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟೆ. ಲೆಕ್ಕ ನೋಡಿದರೆ ಮೂರೇ ಕಾರಣ: ಗೇಟಿನ ಸಂದಿಯಲ್ಲಿ ಕಾಣುವ ಬೀದಿ, ರೈಲಿನ ಕೂಗು, ಒಂಟಿತನ.

ಮೊದಲನೆಯದು ಸುಲಭವಾಯಿತು. ಗೇಟಿನ ಕೆಳಭಾಗಕ್ಕೆ ತಗಡು ಬಡಿಸಿದೆವು. ರಾತ್ರಿ ಮಲಗುವ ಜಾಗವನ್ನು ಗೇಟಿನಿಂದ ಹಿತ್ತಲ ಪಡಸಾಲೆಗೆ, ನಮ್ಮ ಕೋಣೆಯ ಕಿಟಕಿಯ ಕೆಳಗೆ ಬದಲಿಸಿದೆವು. ನಮ್ಮ ಉಸಿರು ಕೇಳಿಸುವಷ್ಟು ಹತ್ತಿರ ಮಲಗಿದ ನಾಯಿಗೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ರೈಲಿಗೆ ನನ್ನ ಬಿ.ಎಡ್. ಉಪಯೋಗಕ್ಕೆ ಬಂತು. ಮನಃಶಾಸ್ತ್ರದ ಪತ್ರಿಕೆಯಲ್ಲಿ ಪಾವ್ಲೋವ್‌ನ ನಾಯಿಯನ್ನು ಓದದೆ ಪಾಸಾದ ಶಿಕ್ಷಕಿ ಇಲ್ಲ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಪಾವ್ಲೋವ್, ಒಂದು ಸದ್ದಿನ ಬೆನ್ನಿಗೇ ಆಹಾರ ಕೊಡುತ್ತ ಹೋದರೆ ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ನಾನೂ ಹಾಗೇ ಮಾಡಿದೆ. ದೂರದಲ್ಲಿ ರೈಲಿನ ಹಾರ್ನ್ ಕೇಳಿದ ತಕ್ಷಣ, ಕರಿಯ ಬಾಯಿ ತೆರೆಯುವ ಮೊದಲೇ, ಜೋಳದ ರೊಟ್ಟಿಯ ಒಂದು ಚೂರು. ಮೂರನೆಯ ವಾರಕ್ಕೆ ರೈಲು ಕೂಗಿದರೆ ಅವನು ಸ್ಟೇಶನ್ನಿನ ಕಡೆ ನೋಡುವುದನ್ನು ಬಿಟ್ಟು ನನ್ನ ಕೈ ನೋಡತೊಡಗಿದ.

‘ಸಾಕು’ ಎಂಬ ಮಾತನ್ನು ಕಲಿಸಿದ್ದು ಥಾರ್ನ್‌ಡೈಕ್‌ನ ಪರಿಣಾಮ ನಿಯಮದಿಂದ. ಸುಖ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದಷ್ಟೇ ಆ ನಿಯಮ. ಬೊಗಳಿದಾಗ ಹತ್ತಿರ ಹೋಗಿ, ಏನಿದೆ ಎಂದು ನೋಡಿ, ಒಂದೇ ಸಲ, ಮೆಲ್ಲಗೆ ‘ಸಾಕು’ ಅನ್ನಬೇಕು. ಎರಡು ಕ್ಷಣ ಸುಮ್ಮನಾದರೂ ಸರಿ, ಆಗ ಚೂರು ಕೊಡಬೇಕು. ಬೊಗಳುತ್ತಿರುವಾಗ ಕೊಟ್ಟರೆ ಬೊಗಳಿದ್ದಕ್ಕೇ ಸಂಬಳ ಕೊಟ್ಟಂತೆ. ದಿನದಿಂದ ದಿನಕ್ಕೆ ಸುಮ್ಮನಿರುವ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು. ನಾವು ‘ಏ ಸುಮ್ಮನಿರೋ!’ ಎಂದು ಅರಚಿದರೆ ನಾಯಿಗೆ ನಾವೂ ಜೊತೆಗೂಡಿ ಬೊಗಳಿದಂತೆ ಕೇಳಿಸುತ್ತದೆ. ಬಡಿಗೆ ಹಿಡಿದರೆ ಬೊಗಳು ನಿಂತೀತು, ಅದರ ಜಾಗದಲ್ಲಿ ಕಚ್ಚು ಬಂದೀತು. ತರಗತಿಯಲ್ಲಿ ಮೇಜು ಕುಟ್ಟಿ ಗದ್ದಲ ನಿಲ್ಲಿಸಿದ ಶಿಕ್ಷಕರನ್ನು ನಾನು ಇನ್ನೂ ಕಂಡಿಲ್ಲ.

ಉಳಿದದ್ದು ಒಂಟಿತನ. ಇದಕ್ಕೆ ಚೂರು ರೊಟ್ಟಿ ಸಾಲದು, ನಮ್ಮ ಹೊತ್ತು ಬೇಕು. ಬೆಳಿಗ್ಗೆ ಐದೂವರೆಗೆ ಅರ್ಧ ತಾಸು ಹೊಲದ ದಾರಿಯಲ್ಲಿ ಅವನ ಜೊತೆ ನಡೆಯತೊಡಗಿದೆ. ನನ್ನ ಮೊಣಕಾಲಿಗೂ ಒಳ್ಳೆಯದಾಯಿತು. ಶಾಲೆಗೆ ಹೋಗುವಾಗ ಸರಪಳಿ ಬಿಚ್ಚಿ, ಹಿತ್ತಲಲ್ಲಿ ಅಲ್ಲಲ್ಲಿ ರೊಟ್ಟಿ ಚೂರು ಅಡಗಿಸಿ, ದೊಡ್ಡ ಬೋಗುಣಿಯಲ್ಲಿ ನೀರಿಟ್ಟು ಹೋಗುತ್ತೇನೆ. ಮೂಸಿ ಮೂಸಿ ಹುಡುಕುವುದೇ ಅವನ ನೌಕರಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯಲ್ಲಿ, ಯಾವಾಗಲೂ ಕಟ್ಟಿಹಾಕಿಯೇ ಇಡುವ ನಾಯಿಗೆ ಅಡ್ಡಾಡಿಸುವ ವ್ಯಾಯಾಮ ಕೊಡದಿರುವುದೂ ಕ್ರೌರ್ಯವೆಂದೇ ಬರೆದಿದೆ. ಎಷ್ಟು ಮನೆಯವರಿಗೆ ಗೊತ್ತೋ!

ಹೆಣ್ಣುಮಕ್ಕಳು ನೆನಪಿಡಬೇಕಾದ ಇನ್ನೆರಡು ಮಾತು. ಉಳಿದ ಸಾರು, ಪಲ್ಯವನ್ನು ಹಾಗೇ ನಾಯಿಗೆ ಸುರಿಯಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅದರ ರಕ್ತವನ್ನು ಕೆಡಿಸುತ್ತವೆ. ಇನ್ನು ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕೂಡಬೇಡಿ. ಮರಿಯಿದ್ದಾಗಿನಿಂದಲೇ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ದನದ ಡಾಕ್ಟರು ಹೇಳಿದಂತೆ ವರ್ಷ ವರ್ಷ ಮತ್ತೆ ಹಾಕಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗಬೇಕು. ನಮ್ಮ ಬಾಲ್ಯದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರಿಸುತ್ತಿದ್ದರು. ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷವಾಯಿತು; ಈಗ ತೋಳಿಗೆ ಕೆಲವೇ ಸೂಜಿ. ರೋಗ ಒಮ್ಮೆ ತಲೆಗೇರಿದರೆ ಮಾತ್ರ ಇಂದಿಗೂ ಉಳಿಯುವವರಿಲ್ಲವೆಂದೇ ಹೇಳಬೇಕು.

ಪಾವ್ಲೋವ್ ತಮ್ಮ ಪ್ರಯೋಗಗಳಿಗೆ ಮೈ ಕೊಟ್ಟ ನಾಯಿಗಳನ್ನು ಮರೆಯಲಿಲ್ಲ. 1935ರಲ್ಲಿ ಲೆನಿನ್‌ಗ್ರಾಡಿನ ಅವರ ಸಂಶೋಧನಾಲಯದ ಅಂಗಳದಲ್ಲಿ ನಾಯಿಯ ಸ್ಮಾರಕ ನಿಂತಿತು. ಅದಕ್ಕಿಂತ ಸುಮಾರು ಸಾವಿರ ವರ್ಷ ಮೊದಲೇ ನಮ್ಮ ಕನ್ನಡ ನಾಡಿನಲ್ಲಿ ಕಾಳಿಗೆ ಕಲ್ಲು ನಿಂತಿತ್ತು. ಮುಧೋಳದ ಬೇಟೆನಾಯಿಯ ಚಿತ್ರ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಬಂತು. ಇವೆಲ್ಲ ಹೆಸರುವಾಸಿಯಾದ ನಾಯಿಗಳು. ಹೆಸರಿಲ್ಲದ ಲಕ್ಷಾಂತರ ನಾಯಿಗಳು ಹಟ್ಟಿ ಕಾದವು, ಕಣ ಕಾದವು, ನಮ್ಮ ಅಜ್ಜಿಯರು ಮಲಗಿದ್ದಾಗ ಬಾಗಿಲು ಕಾದವು. ಬೊಗಳು ಎಂದು ನೌಕರಿ ಕೊಟ್ಟವರು ನಾವೇ. ಈಗ ಮನೆಗೆ ಮನೆ ಅಂಟಿಕೊಂಡ ಓಣಿಗಳಲ್ಲಿ ಬೊಗಳಬೇಡ ಎನ್ನುತ್ತಿದ್ದೇವೆ. ಹಳೆಯ ಕೆಲಸ ಬಿಡಿಸುವಾಗ ಹೊಸದನ್ನು ಕಲಿಸುವ ಭಾರವೂ ನಮ್ಮದೇ.

ಆರೇಳು ವಾರ ಕಳೆದ ಮೇಲೆ ಪಕ್ಕದ ಅಜ್ಜಿ ಕೋಲೂರಿಕೊಂಡು ನಮ್ಮ ಗೇಟಿಗೆ ಬಂದರು. ಮತ್ತೇನು ತಕರಾರೋ ಎಂದು ನನ್ನ ಎದೆ ಹಾರಿತು. ಅವರು ತಗಡಿನ ಮೇಲಿಂದ ಒಳಗೆ ಇಣುಕಿ, “ನಿನ್ನೆ ರಾತ್ರಿ ಒಂದ ಸಲಾನೂ ಒದರಲಿಲ್ಲಲ್ಲವಾ ನಿಮ್ಮ ಕರಿಯಾ. ಆರಾಮ ಅದಾನಿಲ್ಲೋ?” ಎಂದು ಕೇಳಿದರು. ಅವರ ಸೆರಗಿನಲ್ಲಿ ಅರ್ಧ ರೊಟ್ಟಿ ಇತ್ತು.